ಮೂಸ್ ಬೇಟೆಗೆ .308 ರೈಫಲ್: ಯಾವ ಬುಲೆಟ್ ಹಾಕುದು ಮಾರಾಯ್ರೆ?

ಕಾಪು ಟು ಎಡ್ಮಂಟನ್:
ಎಲ್ರಿಗೂ ನಮಸ್ಕಾರ. ಊರು ಕಾಪು, ಕೆಲಸ ಕೆನಡಾದ ಆಲ್ಬರ್ಟಾದಲ್ಲಿ, ಈಗ ರಜೆಗೆ ಬಂದವ ಮಳೆಗೆ ಸಿಕ್ಕಿ ಚಾವಡಿಯಲ್ಲಿ ಕೂತಿದ್ದೇನೆ. ವಿಷಯ ಎಂತ ಅಂದ್ರೆ ಅಲ್ಲಿ ಈ ವರ್ಷದ ಮೂಸ್ ಡ್ರಾದಲ್ಲಿ, ಅಂದ್ರೆ ಬೇಟೆ ಪರ್ಮಿಟ್‌ಗೆ ಎತ್ತುವ ಚೀಟಿಯಲ್ಲಿ, ನನ್ನ ಹೆಸರು ಬಿದ್ದಿದೆ. ಗೊತ್ತಿಲ್ಲದವರಿಗೆ, ಮೂಸ್ ಅಂದ್ರೆ ಜಿಂಕೆ ಜಾತಿಯಲ್ಲೇ ಅತಿ ದೊಡ್ಡದು, ಗಂಡಾದ್ರೆ 450 ಕೆಜಿ ದಾಟ್ತದೆ, ನಮ್ಮ ಕಡವೆ ಅದರ ಮುಂದೆ ಸಣ್ಣದೇ. ಲೈಸೆನ್ಸ್, ಸೇಫ್ಟಿ ಕೋರ್ಸ್, ಹಂಟರ್ ಎಜುಕೇಶನ್ ಎಲ್ಲ ಆಗಿದೆ. ರೈಫಲ್ .308 ವಿಂಚೆಸ್ಟರ್ (ಬುಲೆಟ್ ಅಗಲ .308 ಇಂಚು), ಬೋಲ್ಟ್ ಆಕ್ಷನ್, ಅಂದ್ರೆ ಪ್ರತಿ ಸಲ ಕೈಯಲ್ಲಿ ಎಳೆದು ಲೋಡ್ ಮಾಡುದು. ಈಗ ತಲೆಬಿಸಿ ಬುಲೆಟಿಂದು. ಅಂಗಡಿಗೆ ಹೋದ್ರೆ ಗೋಡೆ ತುಂಬ ಬಾಕ್ಸ್, 150 ಗ್ರೇನ್, 165, 180, ಒಂದರಲ್ಲಿ ಬಾಂಡೆಡ್ ಅಂತ ಉಂಟು ಇನ್ನೊಂದರಲ್ಲಿ ಕಾಪರ್ ಅಂತ, ಒಬ್ಬ ಸೇಲ್ಸ್‌ನವ ಭಾರದ್ದು ತಕೊ ಅಂತಾನೆ ಇನ್ನೊಬ್ಬ ಸ್ಪೀಡ್ ಮುಖ್ಯ ಅಂತಾನೆ. ಇಲ್ಲಿ ರೈಫಲ್ ಗೊತ್ತಿರುವವರು ಇದ್ದೀರಿ ಅಂತ ಕೇಳ್ತಾ ಇದ್ದೇನೆ, ಕನ್ನಡದಲ್ಲಿ ಬಿಡಿಸಿ ಹೇಳಿದ್ರೆ ಉಪಕಾರ ಆಗ್ತದೆ.

ಸುಳ್ಯದ ತೋಟದವ:
ನಮ್ಮಲ್ಲಿ ಹಂದಿ ಬಂದು ಅಡಿಕೆ ಸಸಿ ಅಡಿಮೇಲು ಮಾಡಿದ್ರೂ ಗರ್ನಾಲ್ ಹೊಡ್ದು ಓಡ್ಸುದೇ ಗತಿ, ನಿಮಗೆ ಸರಕಾರವೇ ಡ್ರಾ ಎತ್ತಿ ಕೊಡ್ತದಾ? ಪುಣ್ಯವಂತರು. ನನ್ನ ಹತ್ರ ಅಜ್ಜನ ಕಾಲದ ಕೇಪಿನ ಕೋವಿ ಉಂಟು, ಅದಕ್ಕೆ ಬುಲೆಟ್ ಆಯ್ಕೆ ಅಂದ್ರೆ ಚರೆ ದೊಡ್ಡದು ಹಾಕುದಾ ಸಣ್ಣದು ಹಾಕುದಾ ಅಷ್ಟೆ. ಅದೂ ಇಲೆಕ್ಷನ್ ಬಂತು ಅಂದ್ರೆ ಠಾಣೆಗೆ ಕೊಟ್ಟು ಬರ್ಬೇಕು, ಹಂದಿಗೆ ನೀತಿಸಂಹಿತೆ ಇಲ್ಲ ಮಾರಾಯ್ರೆ.

ವಕೀಲ ಉಡುಪಿ:
ಚರ್ಚೆ ಮುಂದೆ ಹೋಗುವ ಮೊದಲು ಒಂದು ಮಾತು ಹೇಳಿ ಬಿಡ್ತೇನೆ, ಇಲ್ಲದಿದ್ರೆ ಯಾರಾದ್ರೂ ಓದಿ ಕಾಡಿಗೆ ಹೋದ್ರೆ ಕಷ್ಟ. ಇದು ಕೆನಡಾದ ವಿಷಯ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯ ಸೆಕ್ಷನ್ 9ರಲ್ಲಿ ಬೇಟೆ ನಿಷೇಧ. ಬೆಳೆ ಹಾಳು ಮಾಡುವ ಪ್ರಾಣಿಗೆ ಸೆಕ್ಷನ್ 11ರಲ್ಲಿ ಅಧಿಕಾರಿ ಲಿಖಿತ ಅನುಮತಿ ಕೊಡ್ಬಹುದು, ಅದೂ ಕಾಯ್ದೆಯ ಎರಡನೇ ಪಟ್ಟಿ, ಶೆಡ್ಯೂಲ್ 2ರಲ್ಲಿ ಇರುವ ಹಂದಿಯಂತದ್ದಕ್ಕೆ. ಕಾಟಿ (ಕಾಡುಕೋಣ) ಹೆಚ್ಚು ರಕ್ಷಣೆ ಇರುವ ಶೆಡ್ಯೂಲ್ 1, ಅದರ ಸುದ್ದಿಗೇ ಹೋಗ್ಬೇಡಿ. ಕೇರಳದಲ್ಲಿ 2022ರಲ್ಲಿ ಪಂಚಾಯತ್ ಅಧ್ಯಕ್ಷರಿಗೆ ಹಂದಿ ಹೊಡೆಸುವ ಅಧಿಕಾರ ಕೊಟ್ಟಿದ್ದಾರೆ, ಅದು ತಲಪಾಡಿ ಗೇಟಿಂದ ಆಚೆ ಮಾತ್ರ. ಕೋವಿ ಲೈಸೆನ್ಸ್ ಬೇರೆ, ಪ್ರಾಣಿ ಹೊಡೆಯುವ ಪರ್ಮಿಶನ್ ಬೇರೆ, ತೋಟದವರು ಇದನ್ನು ನೆನಪಿಟ್ಕೊಳ್ಳಿ. ಆಯ್ತು, ಈಗ ಮುಂದುವರಿಸಿ, ನನಗೂ ಕುತೂಹಲ ಉಂಟು.

ಕಾರ್ಕಳ ಫೌಜಿ:
ನಾನು ಸರ್ವಿಸಲ್ಲಿ ಇಶಾಪುರದ ಎಸ್‌ಎಲ್‌ಆರ್ (ಸೆಲ್ಫ್ ಲೋಡಿಂಗ್ ರೈಫಲ್) ಹಿಡಿದವ, ಅದರ ತೋಟೆ 7.62 ಮಿಮೀ ನ್ಯಾಟೋ, ನಿಮ್ಮ .308ರ ಖಾಸಾ ಅಣ್ಣ. ನಮ್ಮ ದೇಶದಲ್ಲಿ ಆ ಬೋರು (ನಳಿಗೆಯ ಅಳತೆ) ಸಿವಿಲಿಯನ್‌ಗೆ ಪ್ರೊಹಿಬಿಟೆಡ್, ಹಾಗಾಗಿ ಇಲ್ಲಿ ಲೈಸೆನ್ಸಿನವರ ಹತ್ರ ಜಾಸ್ತಿ ಕಾಣುದು .315. ಒಂದು ಎಚ್ಚರ ಹೇಳ್ತೇನೆ ಮಗಾ, ಮಿಲಿಟರಿ ಸರ್ಪ್ಲಸ್ ಚೀಪಲ್ಲಿ ಸಿಗ್ತದೆ ಅಂತ ಫುಲ್ ಮೆಟಲ್ ಜಾಕೆಟ್ ತಕೊಳ್ಬೇಡ. ಅದರ ಮೂತಿ ಪೂರ್ತಿ ಮುಚ್ಚಿರ್ತದೆ, ಒಳಗೆ ಹೋದ್ರೂ ಅರಳುದಿಲ್ಲ, ಸಪೂರ ತೂತು ಮಾಡಿ ಆಚೆ ಬರ್ತದೆ. ಪ್ರಾಣಿ ಓಡಿ ಹೋಗಿ ಎಲ್ಲೋ ನರಳಿ ಸಾಯ್ತದೆ. ಆಲ್ಬರ್ಟಾದಲ್ಲಿ ಅರಳದ ಬುಲೆಟಲ್ಲಿ ದೊಡ್ಡ ಪ್ರಾಣಿ ಹೊಡೆಯುದು ಕಾನೂನು ಪ್ರಕಾರವೇ ತಪ್ಪು, ರೂಲ್ ಬುಕ್ಕಲ್ಲಿ ನೋಡು.
ಇದರಲ್ಲಿ ಒಂದು ವಿಚಿತ್ರ ಉಂಟು. ಮೂತಿ ತೆರೆದ ಬುಲೆಟ್ ಬ್ರಿಟಿಷರು ಮಾಡಿದ್ದು ನಮ್ಮ ಕಲ್ಕತ್ತಾ ಹತ್ರದ ಡಮ್‌ಡಮ್ ಫ್ಯಾಕ್ಟರಿಯಲ್ಲಿ, 1890ರ ದಶಕದಲ್ಲಿ, .303ಕ್ಕೆ. ಗಡಿಯಲ್ಲಿ ಸಪೂರ ಬುಲೆಟ್ ತಾಗಿದ್ರೂ ಎದುರಿನವ ನುಗ್ಗಿ ಬರ್ತಾನೆ ಅಂತ ಕಂಪ್ಲೇಂಟು. 1899ರಲ್ಲಿ ಯುರೋಪಿನ ಹೇಗ್ ಪಟ್ಟಣದಲ್ಲಿ ದೇಶಗಳು ಕೂತು ಯುದ್ಧದಲ್ಲಿ ಇದು ಬೇಡ ಅಂತ ಮಾಡಿದ್ರು. ಹಾಗೆ ಮನುಷ್ಯನಿಗೆ ಹೊಡೀಬಾರದು ಅಂದದ್ದನ್ನೇ ಪ್ರಾಣಿಗೆ ಹೊಡೀಲೇಬೇಕು ಅಂತ ರೂಲು. ಯೋಚನೆ ಮಾಡಿದ್ರೆ ಎರಡೂ ಸರಿಯೇ, ಬೇಟೆಯಲ್ಲಿ ಬೇಗ ಸಾಯುದೇ ದಯೆ.

ಬಲ್ಲಾಳ್‌ಬಾಗ್ ಶೂಟರ್:
ಫೌಜಿ ಸರ್ ಸರಿಯಾಗಿ ಹೇಳಿದ್ರು. ನಾನು ಟಾರ್ಗೆಟ್ ಶೂಟಿಂಗಿನವ, ಬೇಟೆ ನೋಡಿದ್ದು ಆಸ್ಟ್ರೇಲಿಯಾದಲ್ಲಿ ಅಣ್ಣನ ಜೊತೆ ಇದ್ದಾಗ, ಹಂದಿ ಮತ್ತೆ ಸಾಂಬಾರ್ ಜಿಂಕೆ. ನಮ್ಮ ಕಡವೆಯನ್ನೇ ಬ್ರಿಟಿಷರು ಅಲ್ಲಿಗೆ ಹಡಗಲ್ಲಿ ಒಯ್ದದ್ದು, ಅದು ಬೇರೆ ಕತೆ.
ಕಾಪು ಅವರೆ, ಗ್ರೇನ್ ಬಗ್ಗೆ ತಲೆಬಿಸಿ ಸ್ವಲ್ಪ ಆಚೆ ಇಡಿ. ಗ್ರೇನ್ ಅಂದ್ರೆ ಬುಲೆಟಿನ ತೂಕ ಅಷ್ಟೆ, 180 ಗ್ರೇನ್ ಅಂದ್ರೆ 11.7 ಗ್ರಾಮ್ ಹತ್ರ ಹತ್ರ, ಒಳಗಿನ ಮದ್ದಿನ ತೂಕ ಅಲ್ಲ. ನೀವು ಕೇಳ್ಬೇಕಾದ್ದು ಆ 11 ಗ್ರಾಮ್ ಭುಜದ ಎಲುಬಿಗೆ ತಾಗಿದ ಮೇಲೆ ಎಷ್ಟು ಉಳೀತದೆ ಅಂತ. ಅಲ್ಲಿಂದ ಶುರು ಮಾಡಿದ್ರೆ ಗೋಡೆ ತುಂಬ ಇರುವ ಬಾಕ್ಸ್ ಮೂರ್ನಾಲ್ಕು ಜಾತಿಗೆ ಬಂದು ನಿಲ್ತದೆ.
ಮಾಮೂಲಿ ಸಾಫ್ಟ್ ಪಾಯಿಂಟ್ ಅಂದ್ರೆ ತಾಮ್ರದ ಜಾಕೆಟ್, ಒಳಗೆ ಸೀಸ, ಮೂತಿಯಲ್ಲಿ ಸೀಸ ಕಾಣ್ತದೆ. ತಾಗಿದ ಕೂಡ್ಲೆ ಮೂತಿ ಅಣಬೆ ಹಾಗೆ ಅರಳ್ತದೆ, ಅಗಲ ತೂತು ಆಗ್ತದೆ. ತೊಂದರೆ ಎಂತ ಅಂದ್ರೆ ಜಾಕೆಟಿಗೂ ಸೀಸಕ್ಕೂ ಅಂಟು ಇಲ್ಲ, ಹತ್ತಿರದಿಂದ ಜೋರು ಸ್ಪೀಡಲ್ಲಿ ದಪ್ಪ ಎಲುಬಿಗೆ ತಾಗಿದ್ರೆ ಎರಡೂ ಬೇರೆ ಬೇರೆ ಆಗಿ ಚೂರು ಚೂರಾಗಿ ಮೇಲೆಯೇ ನಿಲ್ತದೆ. ಸಣ್ಣ ಜಿಂಕೆಗೆ ಸಾಕು, ಮೂಸ್ ಭುಜಕ್ಕೆ ನಂಬ್ಲಿಕ್ಕೆ ಆಗುದಿಲ್ಲ.
ಇದೇ ಮೂಸ್‌ನಿಂದಾಗಿಯೇ ಒಂದು ಫೇಮಸ್ ಬುಲೆಟ್ ಹುಟ್ಟಿದ್ದು ಗೊತ್ತುಂಟಾ? 1946ರಲ್ಲಿ ಜಾನ್ ನೋಸ್ಲರ್ ಅಂತ ಅಮೆರಿಕದವ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಬೇಟೆಗೆ ಹೋದ, .300 ಎಚ್ ಆಂಡ್ ಎಚ್ ಮ್ಯಾಗ್ನಮ್ ಅಂತ ಜೋರು ಸ್ಪೀಡಿನ ರೈಫಲ್ ಕೈಯಲ್ಲಿ, ಎದುರಿಗೆ ಕೆಸರು ಮೆತ್ತಿಕೊಂಡು ಒಣಗಿದ ಗಂಡು ಮೂಸ್. ಹೊಡೆದ ಬುಲೆಟ್‌ಗಳು ಒಳಗೆ ಹೋಗದೆ ಮೇಲೆಯೇ ಒಡೆದು ಹೋದವು. ಮನೆಗೆ ಬಂದವ ಜಾಕೆಟಿನ ನಡುವಲ್ಲೇ ತಾಮ್ರದ ಒಂದು ಅಡ್ಡಗೋಡೆ ಬರುವ ಹಾಗೆ ಬುಲೆಟ್ ಮಾಡಿದ, ಎದುರಿನ ಸೀಸ ಅರಳ್ತದೆ, ಗೋಡೆ ಹಿಂದಿನ ಸೀಸ ಹಾಗೇ ಉಳಿದು ನೂಕಿಕೊಂಡು ಹೋಗ್ತದೆ. ಅದೇ ಪಾರ್ಟಿಷನ್ ಬುಲೆಟ್, ಈಗ್ಲೂ ಅಂಗಡಿಯಲ್ಲಿ ಉಂಟು.
ಮತ್ತೊಂದು ಬಾಂಡೆಡ್, ಸೀಸವನ್ನು ಜಾಕೆಟಿಗೆ ಬೆಸೆದು ಬಿಟ್ಟಿರ್ತಾರೆ, ಅರಳ್ತದೆ ಆದ್ರೆ ಬಿಟ್ಟು ಹೋಗುದಿಲ್ಲ. ಅಕ್ಯುಬಾಂಡ್, ನಾರ್ಮಾ ಓರಿಕ್ಸ್ ಅಂತ ಹೆಸರಿನ ಬುಲೆಟ್‌ಗಳೆಲ್ಲ ಈ ಜಾತಿ. ಸ್ವಿಫ್ಟ್ ಎ-ಫ್ರೇಮ್‌ನಲ್ಲಿ ಗೋಡೆಯೂ ಉಂಟು ಬೆಸುಗೆಯೂ ಉಂಟು, ರೇಟೂ ಹಾಗೇ ಉಂಟು. ಕೊನೆಗೆ ಪೂರ್ತಿ ತಾಮ್ರದ್ದು, ಬಾರ್ನ್ಸ್ ಟಿಟಿಎಸ್‌ಎಕ್ಸ್ ತರದ್ದು, ಸೀಸವೇ ಇಲ್ಲ, ಮೂತಿ ನಾಲ್ಕು ಎಸಳಾಗಿ ಬಿಚ್ಚಿಕೊಳ್ತದೆ, ತೂಕ ಹೆಚ್ಚುಕಮ್ಮಿ ಪೂರ್ತಿ ಉಳೀತದೆ.

ಕುಂದಾಪ್ರದ್ ಗಂಡ್:
ಎಂಥ ಮರ್ರೆ, ಒಂದ್ ಬುಲೆಟಿಗ್ ಇಷ್ಟೆಲ್ಲ ಓದೂಕಿತ್ತಾ? ನಾ ಬುಲೆಟ್ ಅಂದ್ರೆ ಬೈಕ್ ಅಂತ ಒಳ್ಗ್ ಬಂದದ್ದ್. ಬಂದದ್ದ್ ಬಂದೆ, ಪೂರಾ ಓದಿಯೇ ಹೋಪ್ದ್.

ಪಂಡಿತ್ ಕೊಟ್ಟಾರ:
ಇದೆಲ್ಲ ಕಂಪನಿಗಳ ಮಾರ್ಕೆಟಿಂಗ್. ಕರಮೋಜೊ ಬೆಲ್ ಅಂತ ಒಬ್ಬ ಬೇಟೆಗಾರ ಆಫ್ರಿಕಾದಲ್ಲಿ .275ರಲ್ಲಿ ಆನೆಗಳನ್ನೇ ಹೊಡೆದವ, ಅದು ನಿಮ್ಮ .308ಕ್ಕಿಂತ ಸಪೂರ. ಜಿಮ್ ಕಾರ್ಬೆಟ್ ಕೈಯಲ್ಲಿ ಇದ್ದದ್ದೂ .275 ರಿಗ್ಬಿ, ಚಂಪಾವತ್‌ನ ನರಭಕ್ಷಕ ಹುಲಿ ಕೊಂದದ್ದಕ್ಕೆ 1907ರಲ್ಲಿ ಬಹುಮಾನ ಕೊಟ್ಟದ್ದು. ಅವರಿಗೆ ಬಾಂಡೆಡ್ಡೂ ಇರ್ಲಿಲ್ಲ ತಾಮ್ರದ್ದೂ ಇರ್ಲಿಲ್ಲ. ಗುರಿ ಇದ್ರೆ ಯಾವ್ದಾದ್ರೂ ಆಗ್ತದೆ.

ಬಲ್ಲಾಳ್‌ಬಾಗ್ ಶೂಟರ್:
ಪಂಡಿತ್ರೆ ಅರ್ಧ ಹೇಳಿ ಅರ್ಧ ಬಿಟ್ರಲ್ಲ. ಬೆಲ್ ಸಾವಿರಕ್ಕೂ ಹೆಚ್ಚು ಆನೆ ಹೊಡೆದದ್ದು ಹೌದು, ಆದ್ರೆ ಅವ ಬುಲೆಟ್ ಬಗ್ಗೆ ಕಿರಿಕಿರಿ ಮಾಡುವವನೇ. 173 ಗ್ರೇನಿನ ಉದ್ದದ, ಅರಳದ ಸಾಲಿಡ್ ಬುಲೆಟನ್ನೇ ಹುಡುಕಿ ಹಾಕ್ತಿದ್ದ, ಯಾಕಂದ್ರೆ ಅವನ ಗುರಿ ಆನೆಯ ಮೆದುಳು, ಬುಲೆಟ್ ತಲೆಬುರುಡೆಯ ಎಲುಬೊಳಗೆ ನೇರ ಹೋಗ್ಬೇಕಿತ್ತು. ಆನೆಯ ತಲೆ ಕೊಯ್ದು ಮೆದುಳು ಎಲ್ಲಿ ಉಂಟು ಅಂತ ನೋಡಿ ಕಲಿತವ. ಅದೇ ಸಾಲಿಡ್ ಹಾಕಿ ಮೂಸ್‌ನ ಶ್ವಾಸಕೋಶಕ್ಕೆ ಹೊಡೆದ್ರೆ ಫೌಜಿ ಸರ್ ಹೇಳಿದ ಕತೆಯೇ ಆಗ್ತದೆ. ಕಾರ್ಬೆಟ್ .275 ಜೊತೆ .450/400 ಡಬಲ್ ಬ್ಯಾರೆಲ್ ರೈಫಲನ್ನೂ ಬಳಸ್ತಿದ್ರು, ಅದನ್ನು ಯಾಕೆ ಬಿಟ್ರಿ? ಹುಲಿ ಚರ್ಮ ತೆಳು, ಎಲುಬು ಮೂಸ್‌ನಷ್ಟು ದಪ್ಪ ಅಲ್ಲ. ಪ್ರಾಣಿ ಬದಲಾದ್ರೆ ಬುಲೆಟ್ ಬದಲಾಗ್ತದೆ, ಗುರಿ ಅಂತೂ ಎಲ್ಲದಕ್ಕೂ ಬೇಕು, ಅದನ್ನು ಯಾರು ಬೇಡ ಅಂದದ್ದು?

ಕಾಪು ಟು ಎಡ್ಮಂಟನ್:
ಥ್ಯಾಂಕ್ಸ್ ಅಣ್ಣ, ಈಗ ಸ್ವಲ್ಪ ತಲೆಗೆ ಹೋಯ್ತು. ಇನ್ನೊಂದು ಡೌಟು. ಬಾಕ್ಸ್ ಹಿಂದೆ ಎನರ್ಜಿ ಅಂತ ಬರೆದಿರ್ತದೆ, 180 ಗ್ರೇನ್‌ಗೆ 2700 ಚಿಲ್ಲರೆ ಫುಟ್ ಪೌಂಡ್. ಅಲ್ಲಿನವರು ಎಲ್ಕ್ (ಇನ್ನೊಂದು ದೊಡ್ಡ ಜಿಂಕೆ), ಮೂಸ್‌ಗೆ 1500 ಫುಟ್ ಪೌಂಡ್ ಇರ್ಲೇಬೇಕು ಅಂತ ಮಂತ್ರದ ಹಾಗೆ ಹೇಳ್ತಾರೆ. ಅದು ನಿಜವಾ?

ಮಣಿಪಾಲ ಲೆಕ್ಚರರ್:
ಫಿಸಿಕ್ಸ್ ಪಾಠ ಮಾಡುವವ, ಕೋವಿ ಮುಟ್ಟಿದವ ಅಲ್ಲ, ಲೆಕ್ಕ ಮಾತ್ರ ಹೇಳ್ತೇನೆ. ಗ್ರೇನ್‌ನಲ್ಲಿ ತೂಕ, ಸೆಕೆಂಡಿಗೆ ಅಡಿಯಲ್ಲಿ ವೇಗ ಇಟ್ಕೊಂಡು ತೂಕ ಗುಣಿಸು ವೇಗದ ವರ್ಗ, ಅದನ್ನು 450240ರಿಂದ ಭಾಗಿಸಿದ್ರೆ ಫುಟ್ ಪೌಂಡ್ ಬರ್ತದೆ. 180 ಗ್ರೇನ್, 2620 ಅಡಿ, ಲೆಕ್ಕ ಹಾಕಿದ್ರೆ 2744. ಅದೇ 150 ಗ್ರೇನ್ 2820 ಅಡಿಯಲ್ಲಿ ಹೋದ್ರೆ 2649. ನೋಡಿ, ತೂಕದಲ್ಲಿ ಇಷ್ಟು ವ್ಯತ್ಯಾಸ ಇದ್ರೂ ಎನರ್ಜಿಯಲ್ಲಿ ಹೆಚ್ಚು ವ್ಯತ್ಯಾಸವೇ ಇಲ್ಲ, ಯಾಕಂದ್ರೆ ವೇಗಕ್ಕೆ ವರ್ಗ ಬಿದ್ದಿದೆ. ಹಾಗಾಗಿ ಎನರ್ಜಿ ನೋಡಿ ಎರಡರಲ್ಲಿ ಒಂದು ಆಯ್ಕೆ ಮಾಡ್ಲಿಕ್ಕೆ ಆಗುದಿಲ್ಲ.
ವ್ಯತ್ಯಾಸ ಕಾಣುದು ಸೆಕ್ಷನಲ್ ಡೆನ್ಸಿಟಿಯಲ್ಲಿ, ಅಂದ್ರೆ ಬುಲೆಟಿನ ಅಗಲಕ್ಕೆ ಹೋಲಿಸಿದ್ರೆ ಹಿಂದಿಂದ ನೂಕುವ ತೂಕ ಎಷ್ಟು ಅಂತ. .308ರಲ್ಲಿ 150ಕ್ಕೆ .226, 180ಕ್ಕೆ .271. 6.5 ಮಿಮೀಯ 140 ಗ್ರೇನ್‌ಗೆ .287, ಸಪೂರ ಆದ್ರೂ ಆಳಕ್ಕೆ ಹೋಗುದು ಅದಕ್ಕೇ. ಸ್ವೀಡನ್‌ನವರು 6.5x55 ಅನ್ನುವ ಇದೇ ಅಗಲದ ತೋಟೆಯಲ್ಲಿ ಲಾಗಾಯ್ತಿನಿಂದ ಮೂಸ್ ಹೊಡೀತಾರೆ. ಆದ್ರೆ ಒಂದು ಮಾತು, ಈ ನಂಬರು ಬುಲೆಟ್ ತಾಗುವ ಮೊದಲಿನದ್ದು. ತಾಗಿ ಅರಳಿದ ಮೇಲೆ ಅಗಲ ಜಾಸ್ತಿ, ತೂಕ ಕಮ್ಮಿ, ಲೆಕ್ಕ ಎಲ್ಲ ತಿರುವುಮುರುವು. ಮೇಲೆ ಶೂಟರ್ ಅವರು ಎಷ್ಟು ಉಳೀತದೆ ಅಂತ ಕೇಳಿದ್ದು ಅದಕ್ಕೇ ಸರಿ.
1500 ಅನ್ನುದು ಜನ ಮಾಡಿಕೊಂಡ ಅಂದಾಜು, ಪ್ರಾಣಿ ಎನರ್ಜಿಯಿಂದ ಸಾಯುದಿಲ್ಲ, ರಕ್ತ ಹೋಗಿ ಸಾಯುದು. ಸರಕಾರಗಳು ಮಾತ್ರ ಕನಿಷ್ಠ ಅಂತ ಗೆರೆ ಎಳೀತವೆ, ಸ್ವೀಡನ್‌ನಲ್ಲಿ ದೊಡ್ಡ ಪ್ರಾಣಿಗೆ 9 ಗ್ರಾಮ್ ಬುಲೆಟ್ ಆದ್ರೆ 100 ಮೀಟರ್‌ನಲ್ಲಿ 2700 ಜೌಲ್, 10 ಗ್ರಾಮ್ ದಾಟಿದ್ರೆ 2000 ಜೌಲ್ ಸಾಕು. ಭಾರದ ಬುಲೆಟಿಗೆ ಎನರ್ಜಿಯಲ್ಲಿ ರಿಯಾಯಿತಿ ಕೊಟ್ಟಿದ್ದಾರೆ ನೋಡಿ, ಆ ರೂಲ್ ಬರೆದವನಿಗೆ ಫಿಸಿಕ್ಸ್ ಗೊತ್ತಿತ್ತು.

ಪುತ್ತೂರು ಪಶುವೈದ್ಯೆ:
ನಾನು ಬೇಟೆಯ ಪರ ಅಲ್ಲ, ಹೊಡೆಯುದೇ ಆದ್ರೆ ಪ್ರಾಣಿ ನರಳ್ಬಾರದು ಅಂತ ಬರೀತಿದ್ದೇನೆ. ಮೂಸ್ ಕೂಡ ಮೆಲುಕು ಹಾಕುವ ಪ್ರಾಣಿ, ದನದ ಒಳಗು ಹೇಗೋ ಹೆಚ್ಚುಕಮ್ಮಿ ಹಾಗೇ. ಹಟ್ಟಿಯಲ್ಲಿ ದನ ಇದ್ದವರು ಹೋಗಿ ಅಡ್ಡ ನಿಂತು ನೋಡಿ. ಮುಂಗಾಲಿನ ಮೊಣಗಂಟು ಎಲ್ಲಿ ಎದೆಗೆ ತಾಗ್ತದೆ, ಹೃದಯ ಅದರ ಮಟ್ಟದಲ್ಲೇ ಕೆಳಗೆ ಇರ್ತದೆ, 3ನೇ ಎಲುಬಿಂದ 6ನೇ ಎಲುಬಿನ ನಡುವೆ. ಜನ ಅಂದುಕೊಳ್ಳುದಕ್ಕಿಂತ ಕೆಳಗೆ, ಮುಂದೆ. ಶ್ವಾಸಕೋಶ ಅದರ ಮೇಲೆ ಹಿಂದೆ ಹರಡಿಕೊಂಡಿದೆ, ಅಗಲ ಜಾಗ ಅದೇ. ಪೂರ್ತಿ ಅಡ್ಡ ನಿಂತಾಗ ಮುಂಗಾಲಿನ ಹಿಂದಿನ ಗೆರೆ ಹಿಡಿದು ಎದೆಯ ಎತ್ತರದ ಮೂರನೇ ಒಂದು ಭಾಗ ಮೇಲೆ ಬಂದ್ರೆ ತಪ್ಪಿದ್ರೂ ಶ್ವಾಸಕೋಶಕ್ಕೆ ಬೀಳ್ತದೆ.
ಬುಲೆಟಿನವರು ಮಾತಾಡದ ಒಂದು ವಿಷಯ ಹೇಳ್ತೇನೆ. ಎಡಬದಿಯಲ್ಲಿ ಪಕ್ಕೆಲುಬಿನ ಹಿಂದೆ ಪೂರ್ತಿ ರೂಮೆನ್, ದೊಡ್ಡ ಹೊಟ್ಟೆ. ದೊಡ್ಡ ದನಕ್ಕೆ ಅದು 100 ಲೀಟರ್‌ಗಿಂತ ಮೇಲೆ ಹಿಡೀತದೆ. ಪೋಸ್ಟ್‌ಮಾರ್ಟಮ್‌ಗೆ ಹೊಟ್ಟೆ ಕೊಯ್ದಾಗ ಕೈ ಹಾಕಿದವರಿಗೆ ಗೊತ್ತು, ಒದ್ದೆ ಹುಲ್ಲು ಒತ್ತಿ ಒತ್ತಿ ತುಂಬಿಸಿಟ್ಟ ಹಾಗೆ, ಬೆರಳು ಮುಂದೆ ಹೋಗುದಿಲ್ಲ. ಪ್ರಾಣಿ ಎಡಬದಿ ತೋರಿಸಿ ಓರೆಯಾಗಿ ಆಚೆ ಮುಖ ಮಾಡಿ ನಿಂತಾಗ ಹಿಂದಿಂದ ಹೊಡೆದ್ರೆ ಬುಲೆಟ್ ಆ ಹುಲ್ಲನ್ನೆಲ್ಲ ದಾಟಿ ಎದೆಗೆ ಹೋಗ್ಬೇಕು. ಬೇಗ ಅರಳುವ ಬುಲೆಟ್ ಅಲ್ಲೇ ನಿಲ್ತದೆ, ಪ್ರಾಣಿ ಹೊಟ್ಟೆ ನೋವಲ್ಲಿ ಗಂಟೆಗಟ್ಟಲೆ ಬದುಕ್ತದೆ, ಮಾಂಸವೂ ಹಾಳು. ಅಂತ ಕೋನದಲ್ಲಿ ನಿಂತಿದ್ರೆ ಅದು ತಿರುಗುವವರೆಗೆ ಕಾಯಿರಿ, ಎಂಥ ದುಬಾರಿ ಬುಲೆಟ್ ಇದ್ರೂ ಕಾಯಿರಿ.

ವಿಂಡ್‌ಹುಕ್ ಶೆಟ್ಟಿ:
ಡಾಕ್ಟ್ರಮ್ಮ ಹೇಳಿದ್ದು ನೂರಕ್ಕೆ ನೂರು. ನಾನು ಹೆಬ್ರಿಯವ, ನಮೀಬಿಯಾದಲ್ಲಿ ಹೋಟೆಲ್ ಲೈನ್, ಬೇಟೆ ಫಾರ್ಮಿನವರ ಒಡನಾಟ ಉಂಟು. ಇಲ್ಲಿ ಓರಿಕ್ಸ್ ಅಂತ ಜಿಂಕೆ ತರದ ಪ್ರಾಣಿಗೆ ಹೆಗಲ ಮೇಲೆ ಸ್ವಲ್ಪ ಡುಬ್ಬ ಇರ್ತದೆ, ಹೊಸಬರು ಅದನ್ನೂ ಎದೆ ಅಂತ ಲೆಕ್ಕ ಹಾಕಿ ನಡುವಿಗೆ ಹೊಡೀತಾರೆ, ಬುಲೆಟ್ ಮೇಲೆ ಹೋಗ್ತದೆ, ಪ್ರಾಣಿ ಬಿದ್ದು ಎದ್ದು ಓಡ್ತದೆ. ಹೆಜ್ಜೆ ಗುರುತು ಹಿಡಿಯುವ ಟ್ರ್ಯಾಕರ್‌ಗಳು ಮುಂಗಾಲಿನ ಮೇಲೆಯೇ ಗುರಿ ಇಡ್ಲಿಕ್ಕೆ ಹೇಳುದು, ಅಂದ್ರೆ ಬುಲೆಟ್ ಭುಜದ ಎಲುಬು ಮುರಿದು ಒಳಗೆ ಹೋಗ್ಬೇಕು. ಅದಕ್ಕೇ ಇಲ್ಲಿ ಎಲ್ಲ ಗಟ್ಟಿ ಬುಲೆಟಿಂದೇ ಮಾತು. ಅಮೆರಿಕದಿಂದ ಬರುವವರು ಭುಜದ ಹಿಂದೆ ಹೊಡೆದು ಕಲಿತವರು, ಅವರ ಮೆತ್ತನೆ ಬುಲೆಟಿಗೆ ಅದು ಸರಿ ಇತ್ತು, ಇಲ್ಲಿ ಬಂದು ಭುಜಕ್ಕೆ ಹೊಡೆದಾಗ ಬಣ್ಣ ಬಯಲಾಗುದು.
ಕಾನೂನಲ್ಲೂ ಕನಿಷ್ಠ ಉಂಟು, ಸ್ಪ್ರಿಂಗ್‌ಬಾಕ್ ಅಂತ ಸಣ್ಣ ಜಿಂಕೆಗೆ 1350 ಜೌಲ್, ಕುಡು, ಓರಿಕ್ಸ್‌ನಂತ ದೊಡ್ಡದಕ್ಕೆ 2700, ಕಾಡೆಮ್ಮೆ ಆನೆಗೆ 5400. ಕೊನೆಯದ್ದಕ್ಕೆ .375 ಎಚ್ ಆಂಡ್ ಎಚ್ ಶುರುವಾತು, 1912ರ ಕ್ಯಾಲಿಬರ್ ಅದು, ಇನ್ನೂ ಯಾರೂ ಅದನ್ನು ರಿಟೈರ್ ಮಾಡ್ಸಿಲ್ಲ. ಮತ್ತೆ ಗಾಯ ಮಾಡಿ ಕಳಕೊಂಡ್ರೂ ಟ್ರೋಫಿ ಫೀ (ಆ ಪ್ರಾಣಿಯ ರೇಟು) ಪೂರ್ತಿ ಕೊಡ್ಬೇಕು, ಒಂದು ಹನಿ ರಕ್ತ ಬಿದ್ರೆ ಸಾಕು ಲೆಕ್ಕಕ್ಕೆ. ಬುಲೆಟಲ್ಲಿ ಉಳಿಸ್ಲಿಕ್ಕೆ ಹೋದವರು ಅಲ್ಲಿ ಡಾಲರ್ ಎಣಿಸ್ತಾರೆ.

ಬಿಜೈ ಕಿಚನ್:
ನಾನು ಅಡುಗೆ ಕಡೆಯಿಂದ ಕೇಳುದು. ತಮ್ಮ ಅಮೆರಿಕದಲ್ಲಿ ಇದ್ದಾನೆ, ಕಾಡುಹಂದಿ ತಂದು ದುಕ್ರಾಮಾಸ್ (ಹಂದಿ ಮಾಂಸದ ಪದಾರ್ಥ) ಮಾಡ್ತಾನೆ, ಅದರ ಮಸಾಲೆ ಬಾಫಾತ್ ಪುಡಿ ಇಲ್ಲಿಂದ ನಾನೇ ಕಳಿಸುದು. ಸೀಸದ ಬುಲೆಟ್ ಒಡೆದ್ರೆ ಚೂರು ಮಾಂಸದಲ್ಲಿ ಇರುದಿಲ್ವಾ? ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ.

ಬಲ್ಲಾಳ್‌ಬಾಗ್ ಶೂಟರ್:
ಒಳ್ಳೆ ಪ್ರಶ್ನೆ ಬಾಯಮ್ಮ. ಇರ್ತದೆ. ಎಕ್ಸ್‌ರೇ ತೆಗೆದ್ರೆ ತೂತಿಂದ ಸುಮಾರು ದೂರಕ್ಕೂ ಧೂಳಿನ ಹಾಗೆ ಸೀಸ ಕಾಣ್ತದೆ, ಕಣ್ಣಿಗೆ ಬೀಳುದಿಲ್ಲ ಹಲ್ಲಿಗೂ ಸಿಗುದಿಲ್ಲ. 2008ರಲ್ಲಿ ಅಮೆರಿಕದ ನಾರ್ತ್ ಡಕೋಟಾದಲ್ಲಿ ಬಡವರಿಗೆ ದಾನ ಕೊಟ್ಟ ಜಿಂಕೆ ಕೈಮಾದಲ್ಲಿ ಸೀಸ ಸಿಕ್ಕಿ ದೊಡ್ಡ ಗಲಾಟೆ ಆಗಿತ್ತು. ಗಾಯದ ಸುತ್ತ ಧಾರಾಳವಾಗಿ ಕೊಯ್ದು ಬಿಸಾಡ್ಬೇಕು, ರಕ್ತ ಹೆಪ್ಪುಗಟ್ಟಿದ ಭಾಗ ಕೈಮಾಕ್ಕೆ ಹಾಕ್ಲೇಬಾರದು, ಮಕ್ಕಳಿಗೆ ಬಸುರಿಯರಿಗೆ ಕೊಡುದಾದ್ರೆ ತಾಮ್ರದ ಬುಲೆಟಲ್ಲಿ ಹೊಡೆದದ್ದೇ ಒಳ್ಳೆದು. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈಯಿಂದ ಬೇಟೆಗೆ ಸೀಸವೇ ಬಂದ್, ಅದು ಕಾಂಡರ್ ಹದ್ದುಗಳು ಬಿಟ್ಟುಹೋದ ಕರುಳು ತಿಂದು ಸಾಯ್ತಾ ಇದ್ದದ್ದಕ್ಕೆ.
ಹಾಗಂತ ತಾಮ್ರ ಕಣ್ಣು ಮುಚ್ಚಿ ತಕೊಳ್ಬೇಡಿ ಕಾಪು ಅವರೆ. ತಾಮ್ರ ಸೀಸಕ್ಕಿಂತ ಹಗುರ, ಅದೇ ತೂಕಕ್ಕೆ ಬುಲೆಟ್ ಉದ್ದ ಆಗ್ತದೆ, ಉದ್ದ ಆದ್ರೆ ಬುಲೆಟನ್ನು ತಿರುಗಿಸುವ ಬ್ಯಾರೆಲ್ ಒಳಗಿನ ಗೆರೆಗಳ ತಿರುವು ಜೋರು ಬೇಕು. ನಿಮ್ಮ ಬ್ಯಾರೆಲ್ ಮೇಲೆ ಅಥವಾ ಮ್ಯಾನುವಲ್‌ನಲ್ಲಿ 1:10 ಅಂತ ಉಂಟಾ 1:12 ಅಂತ ಉಂಟಾ ನೋಡಿ. ಹನ್ನೆರಡು ಇಂಚಿಗೆ ಒಂದು ಸುತ್ತಾದ್ರೆ 180ರ ತಾಮ್ರ ಬೇಡ, 150ಕ್ಕೆ ಇಳೀರಿ, ತಾಮ್ರದಲ್ಲಿ ಒಂದು ಮೆಟ್ಟಿಲು ಹಗುರ ತಕೊಂಡ್ರೂ ನಷ್ಟ ಇಲ್ಲ, ತೂಕ ಒಡೆದು ಹೋಗುದಿಲ್ಲ ಅಲ್ವಾ. ಮತ್ತೆ ಸ್ಪೀಡು. ತಾಮ್ರದ ಎಸಳು ಬಿಚ್ಚಿಕೊಳ್ಳಿಕ್ಕೆ ವೇಗ ಬೇಕು, ಕಂಪನಿ ಕಮ್ಮಿ ಹೇಳಿದ್ರೂ ತಾಗುವಾಗ ಸೆಕೆಂಡಿಗೆ 2000 ಅಡಿ ಇದ್ರೆ ನೆಮ್ಮದಿ. ಮಾಮೂಲಿ ಸೀಸದ್ದು 1800ರ ಆಸುಪಾಸಿನಲ್ಲೂ ಅರಳ್ತದೆ. .308ರಲ್ಲಿ 165 ಗ್ರೇನ್ 2700ಕ್ಕೆ ಹೊರಟದ್ದು 200 ಗಜಕ್ಕೆ 2300, 400ಕ್ಕೆ 2000ದ ಕೆಳಗೆ. ಅಂದ್ರೆ ಹತ್ತಿರ ಹೊಡೆಯುವವನಿಗೆ ಗಟ್ಟಿ ಬುಲೆಟ್, ದೂರ ಹೊಡೆಯುವವನಿಗೆ ಬೇಗ ಅರಳುವುದು. ಜನ ಉಲ್ಟಾ ಮಾಡ್ತಾರೆ, .300 ಮ್ಯಾಗ್ನಮ್ ತಕೊಂಡು ಅದಕ್ಕೆ ಟಾರ್ಗೆಟ್ ಬುಲೆಟಿನ ತಮ್ಮನಂತ ಮೆತ್ತನೆಯದ್ದು ಹಾಕಿ 50 ಗಜದಲ್ಲಿ ಭುಜಕ್ಕೆ ಹೊಡೀತಾರೆ, ಮತ್ತೆ ಬುಲೆಟ್ ಸರಿ ಇಲ್ಲ ಅಂತ ಕೂಗಾಡ್ತಾರೆ. ನೀವು ಎಷ್ಟು ದೂರದಿಂದ ಹೊಡೀತೀರಿ ಹೇಳಿ ಮೊದಲು.

ಸುಳ್ಯದ ತೋಟದವ:
ಮಧ್ಯೆ ಬಾಯಿ ಹಾಕ್ತೇನೆ. ನಮ್ಮ ಭಾವನ ಹತ್ರ 12 ಬೋರ್ ತೋಟೆ ಕೋವಿ ಉಂಟು. ಪರ್ಮಿಶನ್ ಸಿಕ್ಕಿತು ಅಂತಲೇ ಇಟ್ಕೊಳ್ಳಿ ವಕೀಲರೆ, ಹಂದಿಗೆ ಎಲ್‌ಜಿ ಅಂತ ದೊಡ್ಡ ಚರೆಯ ತೋಟೆ ಸಾಕಾಗ್ತದಾ?

ಕಾರ್ಕಳ ಫೌಜಿ:
ಎಲ್‌ಜಿಯಲ್ಲಿ ಒಂದು ತೋಟೆಗೆ ಆರು ಚರೆ ಬರುದು, ಒಂದೊಂದು 9 ಮಿಮೀ ದಪ್ಪ, ಉರುಟು. ಉರುಟು ಸೀಸ ಬೇಗ ವೇಗ ಕಳಕೊಳ್ತದೆ, ಹರಡಿಕೊಂಡೂ ಹೋಗ್ತದೆ. ದೊಡ್ಡ ಗಂಡು ಹಂದಿಗೆ ಭುಜದ ಮೇಲೆ ಚರ್ಮದಡಿ ಗಟ್ಟಿ ಪದರ ಇರ್ತದೆ, ಹಂದಿ ಹಂದಿ ಜಗಳ ಮಾಡುವಾಗ ಕೋರೆ ತಾಗದ ಹಾಗೆ. 25 ಗಜದ ಒಳಗೆ ಸರಿ, ಅದರಿಂದ ಆಚೆ ಗಾಯ ಮಾಡಿ ಕಳಿಸುದೇ ಆಗ್ತದೆ, ಗಾಯ ಆದ ಹಂದಿ ಬೆಳಿಗ್ಗೆ ತೋಟಕ್ಕೆ ಹಾಳೆ ಹೆಕ್ಕಲಿಕ್ಕೆ ಹೋದವರ ಮೇಲೆ ಬರ್ತದೆ. ಒಂಟಿ ಗುಂಡಿನ ತೋಟೆಯೂ ಉಂಟು, ಆದ್ರೆ ನಮ್ಮ ತೋಟಗಳಲ್ಲಿ ಆಚೆ ಕಡೆ ಎಂತ ಉಂಟು ಅಂತ ಕಾಣುದಿಲ್ಲ, ಅಡಿಕೆ ಮರಗಳ ಸಂದಿಯಲ್ಲಿ ಪಕ್ಕದವನ ಮನೆ. ನನ್ನನ್ನು ಕೇಳಿದ್ರೆ ಸೋಲಾರ್ ಬೇಲಿಗೆ ದುಡ್ಡು ಹಾಕಿ.

ಕಾಪು ಟು ಎಡ್ಮಂಟನ್:
ಎಲ್ರಿಗೂ ಸೇರಿಸಿ ಹೇಳ್ತೇನೆ. ನಾವು ಹೋಗುವ ಜಾಗ ಪೂರ್ತಿ ಪೊದೆ, ಜೌಗು, 100 ಗಜ ಕಂಡ್ರೆ ಹೆಚ್ಚು. 200ರ ಆಚೆ ನಾನು ಹೊಡೆಯುವವ ಅಲ್ಲ. ಬ್ಯಾರೆಲ್ ಬಗ್ಗೆ ಅಲ್ಲಿನ ದೋಸ್ತಿಗೆ ಮೆಸೇಜ್ ಹಾಕಿ ನೋಡಿಸಿದೆ, 1:10 ಅಂತೆ. ಹಾಗಾದ್ರೆ ದೂರದ ಬುಲೆಟ್ ನನಗೆ ಬೇಡವೇ ಬೇಡ. 180ರ ಪಾರ್ಟಿಷನ್ ಅಥವಾ 165ರ ಬಾಂಡೆಡ್, ಎರಡರಲ್ಲಿ ನನ್ನ ರೈಫಲ್ ಯಾವ್ದನ್ನು ಟಾರ್ಗೆಟಲ್ಲಿ ಹತ್ತಿರ ಹತ್ತಿರ ಗ್ರೂಪ್ ಆಗಿ ಹಾಕ್ತದೋ ಅದು. ಮನೆಯಲ್ಲಿ ಮಗು ಇರುದ್ರಿಂದ 150ರ ತಾಮ್ರದ ಒಂದು ಬಾಕ್ಸೂ ತಂದು ಟ್ರೈ ಮಾಡ್ತೇನೆ, ಗ್ರೂಪ್ ಒಳ್ಳೆದು ಬಂದ್ರೆ ಅದೇ ಫೈನಲ್ ಅಂತ ನನ್ನ ಹೆಂಡತಿಯ ತೀರ್ಪು ಈಗಾಗ್ಲೇ ಬಂದಿದೆ.

ಬಲ್ಲಾಳ್‌ಬಾಗ್ ಶೂಟರ್:
ತೀರ್ಪು ಸರಿ ಉಂಟು. ಟ್ರೈ ಮಾಡುವಾಗ ಒಂದು ಜಾತಿಯಿಂದ ಇನ್ನೊಂದಕ್ಕೆ ಹೋಗುವ ಮೊದಲು ಬ್ಯಾರೆಲ್ ಚೆನ್ನಾಗಿ ಕ್ಲೀನ್ ಮಾಡಿ, ತಾಮ್ರದ್ದು ಮೊದಲ ಕೆಲವು ರೌಂಡ್ ಸೆಟ್ ಆಗ್ಲಿಕ್ಕೆ ಟೈಮ್ ತಕೊಳ್ತದೆ. ಬುಲೆಟ್ ಬದಲಿಸಿದ್ರೆ ಝೀರೋ, ಅಂದ್ರೆ ಗುರಿ ಇಟ್ಟಲ್ಲೇ ಬೀಳುವ ಹಾಗೆ ಹೊಂದಿಸುದು, ಮತ್ತೆ ಮಾಡ್ಲೇಬೇಕು, ಒಂದೇ ತೂಕ ಅಂತ ಒಂದೇ ಕಡೆ ಬೀಳುದಿಲ್ಲ. 200 ಗಜಕ್ಕೆ ಝೀರೋ ಇಟ್ರೆ 300ರಲ್ಲಿ 8-9 ಇಂಚು ಕೆಳಗೆ, ನಿಮಗೆ ಪೊದೆಯಲ್ಲಿ 100ಕ್ಕೆ ಝೀರೋ ಇದ್ರೂ ನಡೀತದೆ. ಬೆಂಚಲ್ಲಿ ಕೂತು ಹೊಡೆದದ್ದು ಸಾಕಾಗುದಿಲ್ಲ, ಮಂಡಿಯೂರಿ, ಮರಕ್ಕೆ ಒರಗಿ, ದಪ್ಪ ಜಾಕೆಟ್ ಹಾಕಿಕೊಂಡು ಹೊಡೆದು ನೋಡಿ, ಅಲ್ಲಿನ ಚಳಿಗೆ ಗ್ಲೌಸ್ ಹಾಕಿ ಕೋವಿಯ ಕುದುರೆ (ಟ್ರಿಗರ್) ಎಳೆಯುದೇ ಬೇರೆ.

ಒಂಟಾರಿಯೋ ಬಂಟ:
ತಡವಾಗಿ ಬಂದೆ. ಬುಲೆಟ್ ವಿಷಯ ಮುಗಿದಿದೆ, ಮೂಸ್ ವಿಷಯ ಎರಡು ಮಾತು. ಅದಕ್ಕೆ ತಾಗಿದ್ರೂ ಎಷ್ಟೋ ಸಲ ಏನೂ ಆಗದ ಹಾಗೆ ನಿಂತಿರ್ತದೆ. ತಪ್ಪಿತು ಅಂತ ಗಾಬರಿ ಆಗ್ಬೇಡ, ಹೊಡೆದ ಕೂಡ್ಲೆ ಬೋಲ್ಟ್ ಎಳೆದು ಇನ್ನೊಂದು ಲೋಡ್ ಮಾಡು, ನಿಂತಿರುವವರೆಗೆ ಅದೇ ಜಾಗಕ್ಕೆ ಹೊಡಿ. ಇನ್ನೊಂದು, ನೀರಲ್ಲಿ ನಿಂತದ್ದಕ್ಕೆ ಹೊಡೀಬೇಡ. ಸೊಂಟದವರೆಗಿನ ತಣ್ಣಗಿನ ನೀರಲ್ಲಿ ಅಷ್ಟು ಭಾರದ್ದನ್ನು ಕೊಯ್ಯುದು ಅಂದ್ರೆ ಎಂತ ಅಂತ ಒಮ್ಮೆ ಯೋಚನೆ ಮಾಡು.

ವಕೀಲ ಉಡುಪಿ:
ನನ್ನದೂ ಒಂದು. ಮುಂದಿನ ಸಲ ಊರಿಗೆ ಬರುವಾಗ ಬೇಟೆಗೆ ಹೋದ ಬ್ಯಾಗು, ಜಾಕೆಟು ತರ್ಬೇಡಿ. ಕಿಸೆಯ ಮೂಲೆಯಲ್ಲಿ ಒಂದು ಜೀವಂತ ತೋಟೆ ಉಳಿದ್ರೂ ಬಜ್ಪೆ ಏರ್‌ಪೋರ್ಟ್ ಸ್ಕ್ಯಾನರಲ್ಲಿ ಕಾಣ್ತದೆ, ಆಮೇಲೆ ಆರ್ಮ್ಸ್ ಆಕ್ಟ್.

ಕಾಪು ಟು ಎಡ್ಮಂಟನ್:
ಅಯ್ಯೋ ವಕೀಲರೆ, ಈಗ ತಂದ ಬ್ಯಾಕ್‌ಪ್ಯಾಕ್ ರೇಂಜಿಗೆ ಒಯ್ಯುವುದೇ. ತಡೀರಿ, ಎಲ್ಲ ಝಿಪ್ಪೂ ತೆಗೆದು ನೋಡಿ ಬರ್ತೇನೆ.